ದಾರ ಕಟ್ಟಿದ ಕಾಯಿ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಆ ಗಾದೆ ಕಟ್ಟಿದ ಪುಣ್ಯಾತ್ಮರು ಈ ಮನೆಯ ಕಡೆ ತಲೆ ಹಾಕಿರಲಿಕ್ಕಿಲ್ಲ. ಇಲ್ಲಿ ಎರಡು ಕಾಲವೂ ಅತ್ತೆಯದೇ. ಮುಂದಿನ ಕೋಣೆ ಮಾತ್ರ ಸೊಸೆಯದು. ಅಲ್ಲಿ ಅವಳ ಹೊಲಿಗೆ ಮೆಷಿನ್ನು, ಇಸ್ತ್ರಿ ಮೇಜು, ಮೊಳೆಗೆ ತೂಗುಹಾಕಿದ ಅರೆಬರೆ ಕೋಟುಗಳು, ನೆಲದ ತುಂಬ ಬಟ್ಟೆಯ ಚೂರು. ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಹಿತ್ತಲು ಅತ್ತೆಯ ರಾಜ್ಯ. ನಡುವಿನ ಅಡುಗೆಮನೆ ಇಬ್ಬರದೂ ಆಗಿದ್ದರಿಂದ ಜಗಳವೆಲ್ಲ ಅಲ್ಲಿ ನಡೆಯುತ್ತಿತ್ತು. ಟೈಲರಮ್ಮನ ಗಂಡ ಸಿಟಿ ಬಸ್ಸಿನ ಡ್ರೈವರು. ಅಡಕತ್ತರಿಗೆ ಸಿಕ್ಕ ಅಡಕೆಯಂತೆ ಇಬ್ಬರ ನಡುವೆ ಕೂತು, ತಟ್ಟೆ ನೋಡುತ್ತ ಉಂಡು, ಎದ್ದು ಹೋಗುತ್ತಿದ್ದ.

ಹಿತ್ತಲೆಂದರೆ ಮಹಾ ದೊಡ್ಡದೇನಲ್ಲ. ನಾಲ್ಕಾರು ಮಡಿ, ಒಂದು ನಲ್ಲಿ, ಹಿಂದಿನ ಗೋಡೆಗೆ ಒರಗಿಸಿ ಕಟ್ಟಿದ ಕೋಲುಗಳ ಚಪ್ಪರ. ಊರೋ ಚಳಿಗಾಲಕ್ಕೆ ಹಿಮ ಬೀಳುವ ಊರು. ಆದರೂ ಬೇಸಿಗೆ ಹಿಡಿದು ಎಲೆ ಉದುರುವ ಕಾಲದವರೆಗೆ ಆ ಮನೆಗೆ ತರಕಾರಿ ಅಂಗಡಿಯ ಹಂಗಿರಲಿಲ್ಲ. ಟೊಮೆಟೊ, ಸೌತೆ, ಮೆಣಸಿನಕಾಯಿ, ಕುಂಬಳ, ಚಳಿ ಮೂಗು ತೂರಿಸುವ ಹೊತ್ತಿಗೆ ಮೂಲಂಗಿ. ಎಲ್ಲಕ್ಕಿಂತ ಮೇಲೆ ಹುರುಳಿಕಾಯಿ ಬಳ್ಳಿ. ಅದರ ಬೀಜವನ್ನು ಅತ್ತೆ ಮದುವೆಯಾಗಿ ಬರುವಾಗ ಅವಳ ತಾಯಿ ಕರವಸ್ತ್ರದಲ್ಲಿ ಗಂಟು ಕಟ್ಟಿ ಕೊಟ್ಟಿದ್ದಳಂತೆ. ಮೈಯೆಲ್ಲ ಕಪ್ಪು, ನಡುವೆ ಒಂದು ಬಿಳಿ ಮಚ್ಚೆ. ಅಂಥ ಬೀಜ ಯಾವ ಅಂಗಡಿಯಲ್ಲೂ ಇಲ್ಲ. ವರ್ಷ ವರ್ಷವೂ ಬಿತ್ತಿ, ಬೆಳೆದು, ಒಣಗಿಸಿ, ಒಂದು ತಗಡಿನ ಡಬ್ಬಿಯಲ್ಲಿ ತುಂಬಿಟ್ಟು ಅತ್ತೆ ಅದನ್ನು ಉಳಿಸಿಕೊಂಡು ಬಂದಿದ್ದಳು. ಪಕ್ಕದ ಮನೆಯವರು ಕೇಳಿದರೆ, “ಕಾಯಿ ಬೇಕಾದ್ರೆ ತಗೊಳ್ಳಿ, ಬೀಜ ಮಾತ್ರ ಕೇಳ್ಬೇಡಿ” ಎಂದುಬಿಡುತ್ತಿದ್ದಳು.

ಸೊಸೆಗಂತೂ ಹಿತ್ತಲಿನಲ್ಲಿ ಬಟ್ಟೆ ಒಣಹಾಕುವುದಕ್ಕೆ ಎಷ್ಟೋ ಅಷ್ಟೇ ಜಾಗ. “ನಿನ್ನ ಕೈ ಗಿಡಕ್ಕೆ ಆಗಿಬರಲ್ಲ ಕಣೇ. ನೀನು ಕತ್ತರಿ. ಕತ್ತರಿಯಿಂದ ಯಾರಾದ್ರೂ ಬೆಳೆ ಬೆಳೀತಾರಾ?” ಅನ್ನುತ್ತಿದ್ದಳು ಅತ್ತೆ. ಕತ್ತರಿ ಎಂಬುದು ಅವಳು ಸೊಸೆಗೆ ಇಟ್ಟ ಹೆಸರು. ಅರ್ಧ ಅವಳ ಕಸುಬಿಗೆ, ಅರ್ಧ ಅವಳ ನಾಲಿಗೆಗೆ.

ಹೆಸರೇನೂ ಸುಳ್ಳಲ್ಲ ಬಿಡಿ. ಟೈಲರಮ್ಮನ ಕೊರಳಲ್ಲಿ ಸದಾ ಒಂದು ಲಾಡಿಗೆ ಪುಟ್ಟ ಕತ್ತರಿ ಜೋತಾಡುತ್ತಿತ್ತು. ಎಲ್ಲಾದರೂ ಬಿಡಿ ದಾರದ ತುದಿ ಕಂಡರೆ ಅವಳಿಗೆ ಆಗದು, ಕೈ ತಾನಾಗಿ ಹೋಗಿ ಕಚಕ್ ಅನ್ನಿಸಿಬಿಡುತ್ತಿತ್ತು. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನ ಅಪರಿಚಿತನ ಕಾಲರಿನ ದಾರ ಕತ್ತರಿಸಿ ಬೈಸಿಕೊಂಡದ್ದೂ ಉಂಟು. ಗಂಡನಿಗೆ ಅಭ್ಯಾಸವಾಗಿಹೋಗಿತ್ತು. ಅವಳ ಕೈ ಕೊರಳಿನ ಕಡೆ ಹೋಯಿತೆಂದರೆ ಮಾತು ನಿಲ್ಲಿಸದೆಯೇ ಗದ್ದ ಎತ್ತಿ ನಿಂತುಬಿಡುತ್ತಿದ್ದ.

ಆ ವರ್ಷ ಬೇಸಿಗೆ ಕಾಲಿಡುತ್ತಿದ್ದ ಹಾಗೆ ಅತ್ತೆ ಹಿತ್ತಲ ಮೆಟ್ಟಿಲಿನ ಮೇಲೆ ನೀರಿನ ಡಬ್ಬದ ಸಮೇತ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಲ್ಲಿ ರಾಡು ಹಾಕಿದರು. ಬಿತ್ತನೆಯ ಹೊತ್ತು ಮೀರುತ್ತಿತ್ತು. ಮಡಿಗಳು ಬರಿದಾಗಿ ಬಿದ್ದಿರುವುದನ್ನು ಟೈಲರಮ್ಮ ದಿನವೂ ನೋಡುತ್ತಿದ್ದಳು. ಎಷ್ಟೇ ಜಗಳವಾಡಿದ್ದರೂ ಆ ಮುದುಕಿ ಮನೆಗೆ ಬಂದು ಕಿಟಕಿಯಿಂದ ನೋಡಿದಾಗ ಹಸಿರು ಕಾಣಬೇಕು ಅನ್ನಿಸಿತು. ಟೊಮೆಟೊ, ಸೌತೆ, ಕುಂಬಳಕ್ಕೆ ಅಂಗಡಿಯಿಂದ ಸಸಿ ತಂದು ನೆಟ್ಟಳು; ಹುರುಳಿಕಾಯಿಗೆ ಅತ್ತೆಯ ಕಪಾಟಿನಿಂದ ಡಬ್ಬಿ ತೆಗೆದಳು. ಇದ್ದ ಬೀಜವನ್ನೆಲ್ಲ ಸುರಿದುಕೊಂಡು, ಒಂದೇ ಮಧ್ಯಾಹ್ನ ಅಷ್ಟನ್ನೂ ನೆಟ್ಟು, ಬೆಳಿಗ್ಗೆ ಸಂಜೆ ಕೆರೆ ತುಂಬಿಸಿದ ಹಾಗೆ ನೀರು ಹಾಕಿದಳು. ಪ್ರೀತಿ ಹೆಚ್ಚಾದರೆ ಹೀಗೇ. ಅರ್ಧಕ್ಕರ್ಧ ಬೀಜ ಮಣ್ಣಲ್ಲೇ ಕೊಳೆಯಿತು. ಮೊಳಕೆ ಬಂದದ್ದನ್ನು ಬಸವನಹುಳು ಮೇಯ್ದವು. ಉಳಿದದ್ದು ಒಂದೇ ಒಂದು ಬಳ್ಳಿ.

ಅತ್ತೆ ಮನೆಗೆ ಬಂದಳು. ಹಿಂದಿನ ಕೋಣೆಯ ಕಿಟಕಿಯ ಪಕ್ಕಕ್ಕೆ ಅವಳ ಮಂಚ ಹಾಕಿಸಿದ್ದು ಟೈಲರಮ್ಮನೇ. ಅತ್ತೆ ಹೊರಗೆ ನೋಡಿದಳು, ಆಮೇಲೆ ಡಬ್ಬಿ ತರಿಸಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಸದ್ದಿಲ್ಲ.

“ಎಲ್ಲಾನೂ ಹಾಕಿದ್ಯಾ?”

“ಹೂಂ ಅತ್ತೆ.”

“ಎಲ್ಲಾನೂ?”

“ನೀವು ಇಷ್ಟು ಹಾಕು, ಅಷ್ಟು ಇಡು ಅಂತ ಯಾವತ್ತಾದ್ರೂ ಹೇಳಿಕೊಟ್ಟಿದ್ರಾ?”

“ಹೇಳಿಕೊಡ್ಬೇಕಾ? ಅಲ್ವೇ, ಗಿರಾಕಿ ಬಟ್ಟೆ ತಂದುಕೊಟ್ರೆ ಅಳತೆ ಸರಿಯಾಗಿ ನೋಡದೆ ಪೂರ್ತಿ ಥಾನನ್ನೇ ಕತ್ತರಿಸಿ ಹಾಕ್ತೀಯಾ ನೀನು? ಅರ್ಧ ಬಿತ್ತಬೇಕು, ಅರ್ಧ ಡಬ್ಬೀಲಿ ಇರಬೇಕು. ನನ್ನಮ್ಮ ಮಾಡಿದ್ದೂ ಅದೇ, ನಾನು ಮಾಡಿದ್ದೂ ಅದೇ.” ಅತ್ತೆಯ ದನಿ ಏರಲಿಲ್ಲ, ಇಳಿಯಿತು. ಅದೇ ಟೈಲರಮ್ಮನಿಗೆ ಹೆದರಿಕೆ ಹುಟ್ಟಿಸಿದ್ದು. “ಇನ್ನು ಆ ಒಂದು ಬಳ್ಳಿ ಹೋದ್ರೆ ಕಥೆ ಮುಗೀತು. ನನ್ನ ಜೊತೆಗೇ ಅದೂ ಹೋಗುತ್ತೆ, ಬಿಡು.”

ವ್ಯಾಯಾಮ ಹೇಳಿಕೊಡಲು ಬಂದ ಹುಡುಗಿಗೂ ಅತ್ತೆ ಇದೇ ಧಾಟಿಯಲ್ಲಿ ಉತ್ತರ ಕೊಟ್ಟಳು. ವಾಕರ್ ಹಿಡಿದು ದಿನಕ್ಕೆ ನಾಲ್ಕು ಹೆಜ್ಜೆಯಾದರೂ ಹಾಕಲೇಬೇಕು ಎಂದು ಆಕೆ ಅಂಗಲಾಚಿದರೆ, “ನಡೆದು ಎಲ್ಲಿಗಮ್ಮಾ ಹೋಗ್ಬೇಕು ನಾನು?” ಎಂದು ಗೋಡೆಗೆ ಮುಖ ತಿರುಗಿಸಿದಳು. ವಾಕರ್ ಮೂಲೆ ಸೇರಿ ಟವೆಲ್ ಒಣಹಾಕುವ ಗೂಟವಾಯಿತು.

ಟೈಲರಮ್ಮ ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು. ಏನಾದರೂ ಆಗಲಿ, ಆ ಡಬ್ಬಿಯಲ್ಲಿ ಮತ್ತೆ ಬೀಜ ಸದ್ದು ಮಾಡಬೇಕು. ಕಳೆದದ್ದು ತಾನು, ತುಂಬಬೇಕಾದವಳೂ ತಾನೇ.

ಆ ಬೇಸಿಗೆ ಹೀಗೆ ನಡೆಯಿತು. ಅತ್ತೆ ಮಂಚದ ಮೇಲೆ, ಕೈಯಲ್ಲೊಂದು ಕೋಲು. ಸೊಸೆ ಹಿತ್ತಲಲ್ಲಿ ತಪ್ಪು ಮಾಡಿದರೆ ಕಿಟಕಿಯ ಗಾಜಿಗೆ ಟಕಟಕ. “ಬುಡಕ್ಕೆ ಹಾಕೇ ನೀರು, ಎಲೆಗಲ್ಲ! ಅದೇನು ಗಿಡಕ್ಕೆ ಸ್ನಾನ ಮಾಡಿಸ್ತಿದ್ದೀಯಾ?” ಟೊಮೆಟೊ ಗಿಡಕ್ಕೆ ಕೋಲು ಕೊಟ್ಟು ಬಟ್ಟೆಯ ಅಂಚಿನ ಪಟ್ಟಿಯಿಂದ ಎಂಟರ ಆಕಾರದಲ್ಲಿ ಕಟ್ಟಿದಾಗ ಟಕಟಕ ಬರಲಿಲ್ಲ. ಟೊಮೆಟೊದ ಕಂಕುಳಿನಲ್ಲಿ ಹುಟ್ಟುವ ಬೇಡದ ಚಿಗುರುಗಳನ್ನು ಪುಟ್ಟ ಕತ್ತರಿಯಿಂದ ಚಕಚಕನೆ ಸವರಿ ಹಾಕಿದಾಗ ಕಿಟಕಿ ತೆರೆದೇ ಬಿಟ್ಟಿತು. “ಪರವಾಗಿಲ್ಲ ಕಣೇ, ಕತ್ತರಿಗೂ ಹಿತ್ತಲಲ್ಲಿ ಒಂದು ಕೆಲಸ ಇದೆ!” ಎಂದಳು ಅತ್ತೆ. ಅವಳ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು. ಟೈಲರಮ್ಮ ಒಳಗೆ ಬಂದು ಮೆಷಿನ್ನಿನ ಮುಂದೆ ಕೂತು ಸುಮ್ಮನೆ ನಕ್ಕಳು. ಗಿರಾಕಿಗಳ ಕೋಟಿಗೆಲ್ಲ ಮಣ್ಣಿನ ಬೆರಳಚ್ಚು ಬೀಳತೊಡಗಿತು.

ಬಳ್ಳಿ ಚಪ್ಪರದ ತುದಿ ಮುಟ್ಟಿತು. ಹೂ ಬಂತು, ಕಾಯಿ ಬಂತು. ಒಂದು ಮಧ್ಯಾಹ್ನ ಅತ್ತೆ ದಿಂಬಿಗೆ ಒರಗಿ ಕೂತು ಕೋಲಿನಿಂದ ತೋರಿಸಿದಳು. “ಅಲ್ಲಿ, ಎದೆ ಎತ್ತರದಲ್ಲಿ, ಎಲ್ಲಕ್ಕಿಂತ ಮೊದಲು ಬಂದ ಆ ಮೂರು. ಉದ್ದವಾಗಿ, ನೆಟ್ಟಗಿದೆಯಲ್ಲ? ಅದು ಬೀಜಕ್ಕೆ. ಮೊದಲನೇ ಕಾಯಿ, ಒಳ್ಳೇ ಕಾಯಿ ಬೀಜಕ್ಕೇ ಬಿಡ್ಬೇಕು. ಬಳ್ಳೀಲೇ ಒಣಗಿ ಗಲಗಲ ಅನ್ನೋವರೆಗೂ ಯಾರೂ ಮುಟ್ಟಕೂಡದು. ಗುರುತಿಗೆ ಒಂದೊಂದು ಚಿಂದಿ ಕಟ್ಟು.”

“ಚಿಂದಿ ಯಾಕೆ ಅತ್ತೆ? ಅಸಹ್ಯ. ನನ್ನ ಹತ್ರ ಕೆಂಪು ದಾರ ಇದೆ, ಕೋಟಿನ ಗುಂಡಿಗೆ ಹಾಕೋದು. ಗಟ್ಟಿ.”

“ಚಿಂದೀನೇ ಕಟ್ತಾ ಬಂದಿರೋದು.”

“ಇರ್ಲಿ ಬಿಡಿ, ನೋಡೋಕೂ ಚೆನ್ನಾಗಿರುತ್ತೆ.”

ಮೂರು ಕಾಯಿಯ ತೊಟ್ಟಿಗೂ ಅವಳು ಕೆಂಪು ದಾರ ಕಟ್ಟಿದಳು. ದೂರದಿಂದ ಅತ್ತೆಗೆ ಕಾಣಲಿ ಎಂದು ತುದಿಗಳನ್ನು ಉದ್ದಕ್ಕೆ ಇಳಿಬಿಟ್ಟಳು. ಅಯ್ಯೋ ಮಾರಾಯ್ತಿ, ಜಗತ್ತಿನಲ್ಲಿ ಇನ್ನಾರು ಕಟ್ಟಿದ್ದರೂ ನಡೆಯುತ್ತಿತ್ತು.

ಶಾಲೆ ತೆರೆಯುವ ದಿನಗಳು ಹತ್ತಿರ ಬಂದವು. ಟೈಲರಮ್ಮನಿಗೆ ಅದು ತಲೆ ಕೆರೆದುಕೊಳ್ಳಲೂ ಬಿಡುವಿಲ್ಲದ ಕಾಲ. ಮುಂದಿನ ಕೋಣೆಯ ತುಂಬ ಯೂನಿಫಾರ್ಮಿನ ರಾಶಿ. ಒಂದು ಸಂಜೆ ಬುಟ್ಟಿ ಹಿಡಿದು ಹಿತ್ತಲಿಗೆ ಬಂದಳೋ ಇಲ್ಲವೋ, ಫೋನು ಬಂತು. ಶಾಲೆಯ ಹೆಡ್ಮಿಸ್ಸು. ಪ್ಯಾಂಟುಗಳೆಲ್ಲ ಗಿಡ್ಡ ಆಗಿವೆಯಂತೆ. “ಗಿಡ್ಡ ಹೇಗಾಗುತ್ತೆ ಮಿಸ್? ನಾನು ಅಳತೆ ತಗೊಂಡಾಗ ಇದ್ದಷ್ಟೇ ಉದ್ದ ಈಗಲೂ ಇರ್ತಾರಾ ಮಕ್ಕಳು? ಬೆಳೆಯೋ ಮಕ್ಕಳು ಮಿಸ್, ನಾನೇನು ಮಾಡ್ಲಿ?” ಎಂದು ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು ವಾದ ಮಾಡುತ್ತಲೇ ಕೈ ಕಾಯಿ ಕೀಳುತ್ತಿತ್ತು. ಕಣ್ಣ ಮುಂದೆ ಯಾವುದೋ ದಾರ ಜೋತಾಡಿತು. ಕೈ ಕೊರಳಿಗೆ ಹೋಯಿತು. ಕಚಕ್. ಇನ್ನೆರಡು ಜೋತಾಡಿದವು. ಕಚಕ್. ಕಚಕ್. ಬಾಯಿ ಹೆಡ್ಮಿಸ್ಸಿನ ಜೊತೆ ಇತ್ತು, ತಲೆ ಪ್ಯಾಂಟಿನ ಜೊತೆ. ಕೈಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ವಾದ ಮುಗಿಯುವ ಹೊತ್ತಿಗೆ ಬಳ್ಳಿ ಬೋಳಾಗಿತ್ತು, ಬುಟ್ಟಿ ತುಂಬಿತ್ತು.

ಬೆಳ್ಳುಳ್ಳಿ ಜಜ್ಜಿ, ಎಣ್ಣೆಯಲ್ಲಿ ಕಾಯಿ ಬಾಡಿಸಿ, ಉಪ್ಪು ಉದುರಿಸಿ ಊಟಕ್ಕಿಟ್ಟಳು. ಅತ್ತೆಯನ್ನು ಎಬ್ಬಿಸಿ ಕೂರಿಸಿ ತಟ್ಟೆ ಕೊಟ್ಟಳು. ಅತ್ತೆ ತಟ್ಟೆಯನ್ನೇ ಸ್ವಲ್ಪ ಹೊತ್ತು ನೋಡಿದಳು. ಒಂದು ತುತ್ತು ಬಾಯಿಗೆ ಹಾಕಿಕೊಂಡು ಅಗಿಯುವುದನ್ನು ನಿಲ್ಲಿಸಿದಳು. ಮತ್ತೆ ಅಗಿದಳು. ಮತ್ತೊಂದು ತುತ್ತು. ತಟ್ಟೆ ಖಾಲಿಯಾದ ಮೇಲೆ, “ಚೆನ್ನಾಗಿದೆ ಕಣೇ” ಎಂದಳು.

ಡ್ರೈವರನ ಕೈಯ ತುತ್ತು ಅರ್ಧದಲ್ಲೇ ನಿಂತಿತು. ಇಪ್ಪತ್ತು ವರ್ಷಕ್ಕೂ ಮೇಲಿನ ಸಂಸಾರದಲ್ಲಿ ಅವನು ಈ ಮಾತು ಕೇಳಿರಲಿಲ್ಲ. ಉಪ್ಪು ಹೆಚ್ಚು, ಉಪ್ಪು ಕಡಿಮೆ, ಬೆಂದಿಲ್ಲ, ಕರಗಿ ಹೋಗಿದೆ, ಇವಷ್ಟೇ ಆ ಮನೆಯ ಊಟದ ಮಂತ್ರ. ಟೈಲರಮ್ಮನಿಗಂತೂ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಕೊಳ್ಳಲು ಪಾತ್ರೆ ಎತ್ತಿಕೊಂಡು ಒಳಗೆ ನಡೆದಳು.

ಪಾತ್ರೆ ತೊಳೆಯಲು ತೋಳು ಮಡಚುವಾಗ ಕಂಡಿತು. ಅಂಗಿಯ ತೋಳಿಗೆ ಅಂಟಿಕೊಂಡ ಒಂದು ಚೂರು ಕೆಂಪು ದಾರ.

ಓಡಿಹೋಗಿ ಹಿತ್ತಲ ದೀಪ ಹಾಕಿದಳು. ಚಪ್ಪರದ ಬುಡದಲ್ಲಿ ಇನ್ನೆರಡು ಕೆಂಪು ಚೂರು ಬಿದ್ದಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಳುವವರನ್ನು ನೋಡಿದ್ದೇವೆ. ಇವಳ ತುತ್ತು ಬಾಯಿಗೆ ಬಂದೇ ಕೆಟ್ಟಿತು. ಅತ್ತೆಯ ತಾಯಿಯ ಕರವಸ್ತ್ರದ ಬೀಜವನ್ನು ಬೆಳ್ಳುಳ್ಳಿ ಹಾಕಿ ಬಾಡಿಸಿ, ಆ ಅತ್ತೆಗೇ ತಿನ್ನಿಸಿ, ಭೇಷ್ ಎನ್ನಿಸಿಕೊಂಡದ್ದಾಯಿತು. ಅವಳು ಮೆಟ್ಟಿಲಿನ ಮೇಲೆ ಕುಸಿದು ಕೂತು ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು.

ಗಂಡನಿಗೆ ಹೇಳಿದಳು. “ಹೇಳಿಬಿಡು ಅಮ್ಮನಿಗೆ” ಎಂದ ಅವನು.

“ನೀವೇ ಹೇಳ್ರೀ.”

“ನಂಗೆ ಬಸ್ಸಿದೆ” ಎಂದು ಟೋಪಿ ಹಾಕಿಕೊಂಡು ಹೊರಟೇಹೋದ. ಅವತ್ತು ಅವನಿಗೆ ರಜೆ.

ಹೇಳಬೇಕೆಂದು ಮರುದಿನ ಬೆಳಿಗ್ಗೆ ಅತ್ತೆಯ ಕೋಣೆಗೆ ಹೋದಳು. ಅತ್ತೆ ಕಿಟಕಿಯ ಕಡೆ ನೋಡುತ್ತ, “ಬೀಜದ ಕಾಯಿ ಹೇಗಿದೆಯೇ?” ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಟೈಲರಮ್ಮನ ಕೈ ಕೊರಳಿನ ಕತ್ತರಿಯನ್ನು ಮುಚ್ಚಿಕೊಂಡಿತು. ಬಾಯಿ ಮಾತ್ರ, “ಚೆನ್ನಾಗಿದೆ ಅತ್ತೆ” ಎಂದುಬಿಟ್ಟಿತು. ಆ ಸುಳ್ಳಿಗೆ ಸಾಕ್ಷಿ ಬೇಕಲ್ಲ, ಅದಕ್ಕೆ ಹೋಗಿ ಬರೀ ಬಳ್ಳಿಗೆ ಮೂರು ಕೆಂಪು ದಾರ ಕಟ್ಟಿ ಬಂದಳು. ಕಾಯಿಯಿಲ್ಲ, ಹೀಚಿಲ್ಲ, ದಾರ ಮಾತ್ರ ಗಾಳಿಗೆ ಓಲಾಡುತ್ತಿತ್ತು.

ಮತ್ತೆ ಕಾಯಿ ಬಿಟ್ಟೇ ಬಿಡುತ್ತದೆ, ಆಗ ಅವಕ್ಕೇ ದಾರ ಕಟ್ಟಿದರಾಯಿತು ಎಂದು ಅವಳ ಲೆಕ್ಕ. ಆದರೆ ಬಿಸಿಲು ಬಿಡಲಿಲ್ಲ. ಆ ಸಲ ಬೇಸಿಗೆಯ ಕೊನೆ ಬೆಂಕಿಯಾಯಿತು. ಹೂ ಬರುವುದು, ಬಾಡುವುದು, ಉದುರುವುದು. ಟೊಮೆಟೊ ಕೆಂಪಾಗಿ ಬುಟ್ಟಿ ಬುಟ್ಟಿ ಬಂತು, ಸೌತೆ ಬಂತು, ಕುಂಬಳ ದಿಂಬಿನಷ್ಟು ಊದಿತು. ಯಾರಿಗೆ ಬೇಕಿತ್ತು ಅದು! ಅವಳು ಬೆಳಿಗ್ಗೆ ಎದ್ದವಳೇ ಬಳ್ಳಿಯ ಎದುರು ನಿಂತು, “ಒಂದೇ ಒಂದು ಬಿಡು ತಾಯಿ, ನಿನ್ನ ದಮ್ಮಯ್ಯ” ಎನ್ನುತ್ತಿದ್ದಳು. ಬಳ್ಳಿ ಎಲೆ ಅಲ್ಲಾಡಿಸಿ ಸುಮ್ಮನಿರುತ್ತಿತ್ತು. ಒಳಗಿನಿಂದ ಅತ್ತೆ ದಿನವೂ ತಪ್ಪದೆ, “ಬೀಜದ ಕಾಯಿ ಹೇಗಿದೆಯೇ?” ಎನ್ನುತ್ತಿದ್ದಳು. ದಿನವೂ ಇವಳು, “ಚೆನ್ನಾಗಿದೆ ಅತ್ತೆ.” ಅಂಗಡಿಯಿಂದ ಬಿಳಿ ಬೀಜ ತಂದು ಬಟ್ಟೆಯ ಕಪ್ಪು ಬಣ್ಣದಲ್ಲಿ ಅದ್ದಿ ತೆಗೆದರೆ ಹೇಗೆ ಎಂಬ ಯೋಚನೆಯೂ ಒಮ್ಮೆ ಬಂದು ಹೋಯಿತು. ಅಷ್ಟು ಕೆಳಗೆ ಇಳಿಯಲು ಮನಸ್ಸು ಒಪ್ಪಲಿಲ್ಲ.

ಗಾಳಿ ತಿರುಗಿತು. ಬೀದಿಯ ಮರಗಳ ಎಲೆ ಹಳದಿಯಾಗುವ ಹೊತ್ತಿಗೆ ಬಳ್ಳಿಗೆ ಯಾಕೋ ಕರುಣೆ ಬಂತು. ಚಪ್ಪರದ ಬಿಸಿಲಿನ ಮೂಲೆಯಲ್ಲಿ ಒಂದು ಗೊಂಚಲು ಹೂ ಕಚ್ಚಿಕೊಂಡಿತು, ಉದುರಲಿಲ್ಲ. ಅದರಲ್ಲಿ ಎರಡು ಕಾಯಿ ನಿಂತವು. ಟೈಲರಮ್ಮ ಉಸಿರು ಬಿಗಿ ಹಿಡಿದು ಅವಕ್ಕೆ ಕೋಟಿನ ಬಟ್ಟೆಯ ಅಗಲದ ಚಿಂದಿ ಕಟ್ಟಿದಳು. ಬುದ್ಧಿ ಬಂದಿತ್ತು. ಆದರೆ ಕಾಯಿ ಬಲಿತು ಒಣಗಲು ವಾರಗಟ್ಟಲೆ ಬೇಕು. ಚಳಿ ಬಾಗಿಲಲ್ಲಿ ನಿಂತಿತ್ತು. ಒಂದು ರಾತ್ರಿ ಹಿಮ ಬಿದ್ದರೂ ಬಳ್ಳಿ ಕರಕಲಾಗುತ್ತದೆ, ಒಳಗಿನ ಎಳೆ ಬೀಜ ಎಂದೂ ಮೊಳೆಯುವುದಿಲ್ಲ.

ಗಿಡದ ವಿದ್ಯೆ ಅವಳಿಗೆ ಗೊತ್ತಿದ್ದದ್ದು ಅಷ್ಟರಲ್ಲೇ ಇತ್ತು. ಗೊತ್ತಿದ್ದದ್ದು ಇನ್ನೊಂದು ವಿದ್ಯೆ. ಟೇಪು ತೆಗೆದುಕೊಂಡು ಹೋಗಿ ಬಳ್ಳಿಯ ಅಳತೆ ತೆಗೆದಳು. ಎದೆಯಿಲ್ಲ, ಸೊಂಟವಿಲ್ಲ, ಬರೀ ಉದ್ದ. ಇಂಥ ಗಿರಾಕಿ ಅವಳಿಗೆ ಸಿಕ್ಕಿರಲಿಲ್ಲ. ಹಳೆಯ ರಜಾಯಿಯ ಹತ್ತಿ, ಕೋಟಿನ ಒಳಬಟ್ಟೆ, ಹೊರಪದರಕ್ಕೆ ಯಾರೋ ಬಿಟ್ಟುಹೋದ ರೈನ್‌ಕೋಟು, ಇಷ್ಟನ್ನು ಸೇರಿಸಿ ಹೊಲಿದಳು. ಹಗಲು ಬಿಸಿಲಿಗೆ ತೆರೆಯಬೇಕು, ಸಂಜೆ ಮುಚ್ಚಬೇಕು; ಹಾಗಾಗಿ ಮುಂದೆ ಸಾಲಾಗಿ ಗುಂಡಿ. ಕಾಜಾ ಕೂಡ ಕೈಯಲ್ಲೇ ಹಾಕಿದಳು. ಅರ್ಧಂಬರ್ಧ ಕೆಲಸ ಮಾಡಿ ಗೊತ್ತಿಲ್ಲ ಅವಳಿಗೆ.

ಕಿಟಕಿಯ ಗಾಜು ಟಕಟಕ ಎಂದಿತು. “ಏನೇ ಅದು? ಬಳ್ಳಿಗೆ ಕೋಟು ಹಾಕ್ತಿದ್ದೀಯಾ?”

“ಬೀಜದ ಕಾಯಿಗೆ ಚಳಿ ಆಗಬಾರದು ಅಂತ ಅತ್ತೆ.”

ಅತ್ತೆ ಬಹಳ ಹೊತ್ತು ಆ ಕೋಟನ್ನೇ ನೋಡುತ್ತ ಕೂತಿದ್ದಳು.

ಅದಾದ ಮಾರನೆಯ ದಿನವೋ ಅದರ ಮಾರನೆಯ ದಿನವೋ, ಮೆಷಿನ್ನು ತುಳಿಯುತ್ತಿದ್ದ ಟೈಲರಮ್ಮನಿಗೆ ಹಿಂದಿನ ಕೋಣೆಯಿಂದ ಟೊಕ್, ಟೊಕ್ ಎಂಬ ಸದ್ದು ಕೇಳಿಸಿತು. ಮೆಷಿನ್ನು ನಿಲ್ಲಿಸಿದಳು. ಸದ್ದೂ ನಿಂತಿತು. ತುಳಿದಳು. ಟೊಕ್, ಟೊಕ್. ವಾಕರಿನ ಕಾಲು ನೆಲಕ್ಕೆ ಊರುವ ಸದ್ದು! ಮುದುಕಿ ಮೆಷಿನ್ನಿನ ಗಲಾಟೆಯ ಮರೆಯಲ್ಲಿ ನಡೆಯುವುದನ್ನು ಕಲಿಯುತ್ತಿದ್ದಾಳೆ. ಯಾರೂ ನೋಡಬಾರದು, ಯಾರೂ ಶಹಭಾಸ್ ಅನ್ನಬಾರದು, ಆ ಬಿಗುಮಾನ. ಟೈಲರಮ್ಮ ಹೊಲಿಗೆ ಮುಗಿದರೂ ಏಳಲಿಲ್ಲ. ಸೂಜಿಯ ಕೆಳಗೆ ಬಟ್ಟೆಯೇ ಇಲ್ಲದೆ, ಆ ಸದ್ದು ನಿಲ್ಲುವವರೆಗೂ ಸುಮ್ಮನೆ ತುಳಿಯುತ್ತ ಕೂತಳು. ಆಮೇಲೆ ದಿನವೂ ಹಾಗೇ. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆ ವರ್ಷದ ಮೊದಲ ಹಿಮ ಒಂದು ರಾತ್ರಿ ಬಿತ್ತು. ಬೆಳಿಗ್ಗೆ ಟೈಲರಮ್ಮ ಬಾಗಿಲು ತೆಗೆದರೆ ಹಿತ್ತಲೆಲ್ಲ ಬೆಳ್ಳಗೆ. ಟೊಮೆಟೊ ಗಿಡಗಳು ಕಪ್ಪಾಗಿ ಜೋತುಬಿದ್ದಿದ್ದವು, ಕುಂಬಳದ ಎಲೆ ಬೇಯಿಸಿದ ಸೊಪ್ಪಿನಂತಾಗಿತ್ತು. ಗೋಡೆಯ ಹತ್ತಿರ ಕೋಟು ಮಾತ್ರ ಗುಂಡಿ ಹಾಕಿಕೊಂಡು ನಿಂತಿತ್ತು. ಮೆಟ್ಟಿಲು ಇಳಿಯಲು ಅವಳಿಗೆ ಧೈರ್ಯ ಸಾಲಲಿಲ್ಲ.

ಹಿಂದಿನಿಂದ ಟೊಕ್ ಎಂದಿತು. ಸ್ವೆಟರ್ ತೊಟ್ಟುಕೊಂಡು, ವಾಕರ್ ಹಿಡಿದು, ಅತ್ತೆ ಬಾಗಿಲಲ್ಲಿ ನಿಂತಿದ್ದಳು. “ಏನು ಗರ ಬಡಿದವಳ ಹಾಗೆ ನಿಂತಿದ್ದೀಯಾ? ಕೈ ಕೊಡು. ಈ ಹಾಳು ಮೆಟ್ಟಿಲು ನನ್ನ ಒಂದು ಸಲ ಬೀಳಿಸಿದ್ದು ಸಾಕು.”

ಇಬ್ಬರೂ ಇಳಿದರು. ಅತ್ತೆಯ ಮೈಯ ಭಾರ ಟೈಲರಮ್ಮನ ತೋಳಿನ ಮೇಲೆ ಬಿದ್ದಿತ್ತು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಅವಳು ಅತ್ತೆಯನ್ನು ಅಷ್ಟು ಹತ್ತಿರದಿಂದ ಹಿಡಿದದ್ದಿಲ್ಲ. ಅತ್ತೆ ಚಪ್ಪರದ ಮುಂದೆ ನಿಂತು ಉಸಿರು ತೆಗೆದುಕೊಂಡು ಒಂದೊಂದೇ ಗುಂಡಿ ಬಿಚ್ಚಿದಳು. “ಕಾಜಾ ಬೇರೆ ಹಾಕಿದ್ದೀಯಲ್ಲೇ! ನನ್ನ ಮಗನ ಮದುವೆ ಕೋಟಿಗೂ ಇಷ್ಟು ನಾಜೂಕಿನ ಕೆಲಸ ಇರ್ಲಿಲ್ಲ.” ಒಳಗೆ ಬಳ್ಳಿ ಸೊರಗಿತ್ತು, ಸತ್ತಿರಲಿಲ್ಲ. ಎರಡು ಕಾಯಿಗಳೂ ಕಂದುಬಣ್ಣಕ್ಕೆ ತಿರುಗಿ ಮುದುರಿದ್ದವು. ಅತ್ತೆ ಒಂದನ್ನು ಬೆರಳ ತುದಿಯಿಂದ ತಟ್ಟಿದಳು. ಗಲ್ ಎಂದಿತು.

ಇನ್ನು ಮುಚ್ಚಿಡಲು ಟೈಲರಮ್ಮನಿಂದ ಆಗಲಿಲ್ಲ. “ಅತ್ತೆ, ಇದು ನೀವು ತೋರಿಸಿದ ಕಾಯಿ ಅಲ್ಲ. ಅದನ್ನ ನಾನೇ ಕಿತ್ತುಬಿಟ್ಟೆ. ದಾರ ಜೋತಾಡ್ತಿತ್ತು, ಕೈ ತಡೀಲಿಲ್ಲ. ಬೇಯಿಸಿಯೂ ಬಿಟ್ಟೆ. ಅವತ್ತು ನೀವು ಚೆನ್ನಾಗಿದೆ ಅಂದ್ರಲ್ಲ, ಅದೇ ಅತ್ತೆ. ದಿನಾ ನಿಮಗೆ ಸುಳ್ಳು ಹೇಳಿದೆ.”

“ಗೊತ್ತು” ಎಂದಳು ಅತ್ತೆ.

“ಗೊತ್ತಾ?”

“ಕಿಟಕಿ ಪಕ್ಕ ಮಂಚ ಹಾಕಿಸಿದ್ದು ಯಾರು, ನೀನೇ ತಾನೇ? ಅಲ್ಲಿ ಕೂತು ಬೇರೆ ಏನು ಕೆಲಸ ನನಗೆ? ಫೋನು ಕಿವೀಲಿ, ಕತ್ತರಿ ಕೈಲಿ. ಕೋಲು ಎತ್ತೋ ಹೊತ್ತಿಗೆ ಬುಟ್ಟಿಗೆ ಬಿದ್ದಾಗಿತ್ತು. ಆಮೇಲೆ ನೀನು ಬರೀ ಬಳ್ಳಿಗೆ ದಾರ ಕಟ್ಟಿದೆಯಲ್ಲ, ಅವತ್ತು ನಗು ತಡಕೊಳ್ಳೋಕಾಗದೆ ದಿಂಬಿಗೆ ಮುಖ ಒತ್ತಿಕೊಂಡೆ. ಸೊಂಟ ಹಿಡಕೊಂಡುಬಿಡ್ತು.”

“ಮತ್ತೆ ದಿನಾ ಕೇಳ್ತಿದ್ರಲ್ಲ!”

“ಇವತ್ತಾದ್ರೂ ನಿಜ ಹೇಳ್ತಾಳೇನೋ ಅಂತ ಕೇಳ್ತಿದ್ದೆ.”

“ಹಾಗಾದ್ರೆ ಚೆನ್ನಾಗಿದೆ ಅಂದದ್ದು…” ಟೈಲರಮ್ಮನ ಮುಖ ಸಣ್ಣದಾಯಿತು. ಬೀಜ ಹೋದದ್ದಕ್ಕಿಂತ ಆ ಒಂದು ಮಾತು ಹೋದದ್ದು ಅವಳಿಗೆ ಹೆಚ್ಚು ನೋವಾಯಿತು. ಇಷ್ಟು ದಿನ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು.

ಅತ್ತೆ ವಾಕರಿನ ಮೇಲೆ ಎರಡೂ ಕೈ ಊರಿದಳು. “ಬೈಯೋಣ ಅಂತಲೇ ತಟ್ಟೆ ಮುಂದೆ ಕೂತೆ ಕಣೇ. ಏನೇನು ಬೈಯಬೇಕು ಅಂತ ಜೋಡಿಸಿಯೂ ಇಟ್ಕೊಂಡಿದ್ದೆ. ಒಂದು ತುತ್ತು ಬಾಯಿಗೆ ಹಾಕಿದೆ, ಅಷ್ಟೂ ಮರೆತುಹೋಯ್ತು. ನನ್ನಮ್ಮನ ಮನೇಲೂ ಮೊದಲನೇ ಕಾಯಿ ಬೀಜಕ್ಕೆ. ಇಲ್ಲಿಗೆ ಬಂದ ಮೇಲೂ ಬೀಜಕ್ಕೆ. ಹುಟ್ಟಿದಾಗಿನಿಂದ ಈ ಬಳ್ಳೀದು ಉಳಿದದ್ದು, ಗಿಡ್ಡದ್ದು, ಸೊಟ್ಟದ್ದು, ಅದನ್ನೇ ತಿಂದವಳು ನಾನು. ಒಳ್ಳೇ ಕಾಯಿ ಹೀಗಿರುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ನನ್ನಮ್ಮ ಪಾಪ, ಅದನ್ನ ಬಾಯಿಗೆ ಹಾಕದೇ ಹೋದಳು.”

ಇಬ್ಬರೂ ಹಿಮದಲ್ಲಿ ನಿಂತು ಮೂಗು ಒರೆಸಿಕೊಂಡರು, ಚಳಿಯ ನೆಪ ಇಬ್ಬರಿಗೂ ಇತ್ತು.

ಒಳಗೆ ಬಂದು ಇಸ್ತ್ರಿ ಮೇಜಿನ ಮೇಲೆ ಕಾಯಿ ಬಿಡಿಸಿದರು. ಕೆಲವು ಬೀಜ ಸುಕ್ಕು, ಕೆಲವು ಟೊಳ್ಳು. ಗಟ್ಟಿಯಾದವು ಒಂದು ಚಿಟಿಕೆಯಷ್ಟೇ, ಆದರೂ ಮೈ ಕಪ್ಪು, ನಡುವೆ ಬಿಳಿ ಮಚ್ಚೆ. ಅತ್ತೆ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿದಳು. ಆಮೇಲೆ ಸೊಸೆಯ ಕಿವಿಯ ಹತ್ತಿರವೂ ಅಲ್ಲಾಡಿಸಿ, ಡಬ್ಬಿಯನ್ನು ಮೆಷಿನ್ನಿನ ಪಕ್ಕ, ದಾರದ ಉಂಡೆಗಳ ನಡುವೆ ಇಟ್ಟಳು.

“ಇಲ್ಲೇ ಇಡ್ತೀರಾ ಅತ್ತೆ? ನನ್ನ ಹತ್ರ?”

“ಮತ್ತೆ ಇನ್ಯಾರ ಹತ್ರ ಇಡ್ಲಿ, ಆ ಬಸ್ಸಿನವನ ಹತ್ರಾನಾ? ಅರ್ಧ ಬಿತ್ತು, ಅರ್ಧ ಇಡು. ಬರೋ ವರ್ಷ ಮೊದಲನೇ ಕಾಯಿ ಒಂದು ನಂಗೆ, ಒಂದು ನಿಂಗೆ, ಬೆಳ್ಳುಳ್ಳಿ ಹಾಕಿ ಬಾಡಿಸು. ಉಳಿದದ್ದು ಬೀಜಕ್ಕೆ. ದಾರಗೀರ ಕಟ್ಟಿದ್ರೆ ಮಾತ್ರ ನೋಡ್ಕೋ.”

ಅತ್ತೆಯ ಸ್ವೆಟರಿನ ಕೊರಳಲ್ಲಿ ಒಂದು ಎಳೆ ಬಿಚ್ಚಿಕೊಂಡು ಜೋತಾಡುತ್ತಿತ್ತು. ಟೈಲರಮ್ಮನ ಕೈ ಕತ್ತರಿಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು.

ಅತ್ತೆ ಅದನ್ನು ನೋಡಿದಳು. ಮಗ ಎತ್ತುವ ಹಾಗೇ ಗದ್ದ ಎತ್ತಿ ಹಿಡಿದಳು.

“ಕತ್ತರಿಸೇ, ಕತ್ತರಿಸು. ನನ್ನನ್ನೇನು ಬೀಜಕ್ಕೆ ಬಿಟ್ಟಿದ್ದೀಯಾ?”